ಮುಂದ ಯಾರು, ಹಿಂದ ಯಾರು

ಪ್ರಾಣಿಸಂಗ್ರಹಾಲಯದ ಗೇಟಿನ ಹೊರಗೆ ಮೂರನೇ ಸಲ ಎಣಿಸಿದಾಗಲೂ ಇಪ್ಪತ್ಮೂರೇ ಬಂತು. ಬೆಳಿಗ್ಗೆ ನಿಗಡಿಯಲ್ಲಿ ಮೆಟಡೋರ್ ಹತ್ತಿಸುವಾಗ ಇಪ್ಪತ್ನಾಲ್ಕು ಮಕ್ಕಳಿದ್ದರು. ಮಂಗಗಳ ಪಂಜರದ ಮುಂದೆ ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿದಾಗಲೂ ಲೆಕ್ಕ ಸರಿಯಾಗಿತ್ತು. ಗೇಟಿನ ಹತ್ತಿರ ಬಂದಾಗ ಒಬ್ಬ ಅಜ್ಜಿ ಓಡುತ್ತ ಬಂದು ನಮ್ಮ ಸಾಲಿನಿಂದ ನೀಲಿ ಸ್ವೆಟರಿನ ಹುಡುಗನೊಬ್ಬನನ್ನು ಎಳೆದುಕೊಂಡು ಹೋದರು. ಅವನು ಅವರ ಮೊಮ್ಮಗ. ಮಂಗ ನೋಡುತ್ತ ನೋಡುತ್ತ ನಮ್ಮ ಮಕ್ಕಳ ನಡುವೆ ಸೇರಿಕೊಂಡಿದ್ದ. ನಾನು ಅವನ ತಲೆಯನ್ನೂ ಮುಟ್ಟಿ ಎಣಿಸಿದ್ದೆ. ಅಂದರೆ ನಮ್ಮ ಒಂದು ಮಗು ಆಗಲೇ ಇರಲಿಲ್ಲ.

ಇಲ್ಲದಿದ್ದವಳು ನಾಗಿ. ಐದು ವರ್ಷದ ಹುಡುಗಿ, ಯಾದಗಿರಿ ಕಡೆಯವಳು. ತಾಯಿ ತಂದೆ ಇಬ್ಬರೂ ಮರಾಠಿ ಸೀಮೆಯ ನಿಗಡಿಯಲ್ಲಿ ಏಳುತ್ತಿದ್ದ ವಸತಿ ಕಾಲೊನಿಯ ಕಟ್ಟಡ ಕೆಲಸದಲ್ಲಿದ್ದರು. ಅಂಥ ಕೂಲಿಕಾರರ ಮಕ್ಕಳಿಗಾಗಿ ಕೆಲಸದ ಜಾಗದಲ್ಲೇ ಒಂದು ತಗಡಿನ ಶೆಡ್ಡಿನಲ್ಲಿ ಬಾಲವಾಡಿ ನಡೆಯುತ್ತಿತ್ತು. ನಾನು ಅಲ್ಲಿಯ ಶಿಕ್ಷಕಿ. ಎಂಬತ್ತರ ದಶಕದ ಮೊದಲ ವರ್ಷಗಳ ಮಾತಿದು.

ಉಳಿದ ಮಕ್ಕಳನ್ನು ಜೊತೆಗೆ ಬಂದಿದ್ದ ಬಾಲವಾಡಿಯ ಆಯಾಳ ಹತ್ತಿರ ಕೂಡಿಸಿ ನಾನು ಒಳಗೆ ಓಡಿದೆ. ನವಿಲಿನ ಪಂಜರ, ಮೊಸಳೆಯ ಹೊಂಡ, ನೀರಿನ ನಳ, ಹೆಂಗಸರ ಸಂಡಾಸ. ಮೊಸಳೆಯ ಹೊಂಡದ ಕಟ್ಟೆಯ ಮೇಲೆ ಬಗ್ಗಿ ನೋಡಿದ ಆ ಕ್ಷಣವನ್ನು ಇವತ್ತಿಗೂ ನೆನೆಸಿಕೊಳ್ಳಲು ಇಷ್ಟವಿಲ್ಲ. ಕೊನೆಗೆ ನಾಗಿ ಸಿಕ್ಕಿದ್ದು ಆನೆಯ ಹತ್ತಿರ. ಮಾವುತನ ಪಕ್ಕ ಹುಲ್ಲಿನ ಹೊರೆಯ ಮೇಲೆ ಕಾಲು ಅಲ್ಲಾಡಿಸುತ್ತ ಕುಳಿತು ಬಾಳೆಹಣ್ಣು ತಿನ್ನುತ್ತಿದ್ದಳು. ನನ್ನನ್ನು ಕಂಡು, "ಅಕ್ಕೋರ, ನೀವೆಲ್ಲಿ ಹೋಗಿದ್ರಿ?" ಅಂತ ನನ್ನನ್ನೇ ಕೇಳಿದಳು.

ಅವಳು ಕಾಣೆಯಾಗಿದ್ದು ಅರ್ಧ ತಾಸಿಗೆ ಸ್ವಲ್ಪ ಕಡಿಮೆ, ಅಷ್ಟೇ. ಮೆಟಡೋರಿನಲ್ಲಿ ವಾಪಸ್ಸು ಬರುವಾಗ ಮಕ್ಕಳೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ನಿದ್ದೆ ಮಾಡಿದರು. ಆಯಾ ಸಾಸವಡದ ಕಡೆಯ ಮರಾಠಿ ಹೆಂಗಸು, ನನಗಿಂತ ಹಿರಿಯಳು. ನನ್ನ ಮುಖ ನೋಡಿ ಮೆಲ್ಲಗೆ, "ಬಾಯಿ, ಕಶಾಲಾ ಸಾಂಗಾಯಚ?" ಅಂದಳು. ಅಕ್ಕೋರೆ, ಯಾಕೆ ಹೇಳಬೇಕು, ಮಗು ಸಿಕ್ಕಿತಲ್ಲ ಎಂದು ಅವಳ ಮಾತು. ನನಗೂ ಅದೇ ಬೇಕಾಗಿತ್ತು. ಸಂಜೆ ನಾಗಿಯ ತಾಯಿ ಮಗಳನ್ನು ಎತ್ತಿಕೊಳ್ಳಲು ಬಂದಾಗ, "ಆನಿ ನೋಡಿ ಭಾಳ ಖುಷಿ ಪಟ್ಟಾಳ್ರಿ" ಅಂತಷ್ಟೇ ಹೇಳಿದೆ.

ಮರುದಿನ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಆಕೆ ಶೆಡ್ಡಿನ ಬಾಗಿಲಲ್ಲಿ ನಿಂತಳು. ಮೊಣಕೈವರೆಗೆ ಸಿಮೆಂಟು ಒಣಗಿ ಬೆಳ್ಳಗಾಗಿತ್ತು.

"ಅಕ್ಕೋರ, ನನ್ನ ಮಗಳು ಆನಿ ಹಂತ್ಯಾಕ ಒಬ್ಬಾಕಿನೇ ಇದ್ದಳಂತ. ಖರೇ ಏನ್ರಿ?"

"ಹೌದ್ರಿ."

"ಎಷ್ಟೊತ್ತು?"

ಹೇಳಿದೆ.

"ನಿನ್ನಿ ಯಾಕ ಹೇಳ್ಲಿಲ್ಲ?"

ನಾನು ಊಟದ ತಟ್ಟೆಗಳನ್ನು ಜೋಡಿಸತೊಡಗಿದೆ. ಅವಳೇ ಮುಂದುವರಿಸಿದಳು. "ತಪ್ಪಿಸ್ಕೊಂಡಿದ್ದಕ್ಕ ಸಿಟ್ಟಿಲ್ರಿ. ಸಂತ್ಯಾಗ ನಮ್ಮ ಕೈಯಾಗಿಂದೂ ಜಾರ್ತಾವ. ನೀವು ನನಗ ಹೇಳ್ಲಿಲ್ಲ ನೋಡ್ರಿ, ಅದು ಚಲೋ ಮಾಡ್ಲಿಲ್ಲ." ದನಿ ಏರಲೇ ಇಲ್ಲ. ನಾಗಿಯನ್ನು ಸೊಂಟದ ಮೇಲೆ ಕೂಡಿಸಿಕೊಂಡು ಹೋಗಿಬಿಟ್ಟಳು.

ಮಾರನೇ ದಿನ ಬಾಲವಾಡಿಗೆ ಬಂದವರು ಏಳು ಮಕ್ಕಳು.

ಉಳಿದವರೆಲ್ಲ ತಾಯಂದಿರ ಜೊತೆ ಕೆಲಸದ ಜಾಗದಲ್ಲಿದ್ದರು. ಶೆಡ್ಡಿನ ಬಾಗಿಲಿನಿಂದ ಅವರು ನನಗೆ ಕಾಣುತ್ತಿದ್ದರು. ಉಸುಕಿನ ಗುಡ್ಡೆಯ ಮೇಲೆ ಕೆಲವರು, ಕಬ್ಬಿಣದ ಸರಳುಗಳ ನಡುವೆ ಕೆಲವರು. ಸುಣ್ಣ ನೆನೆಹಾಕಿದ ಹೊಂಡಕ್ಕೆ ಬೇಲಿ ಇರಲಿಲ್ಲ. ಇಂಥದ್ದರಿಂದ ಮಕ್ಕಳನ್ನು ದೂರ ಇಡಬೇಕೆಂದೇ ಬಾಲವಾಡಿ ಶುರುವಾದದ್ದು. ಈಗ ನನ್ನ ಒಂದು ಸುಳ್ಳು ಅವರನ್ನು ವಾಪಸ್ಸು ಅಲ್ಲಿಗೇ ಕಳಿಸಿತ್ತು. ಅದೇ ವಾರ ಮುಕಾದಮ ಬಂದು ಶೆಡ್ಡಿನೊಳಗೆ ಇಣುಕಿ, "ಏಳು ಹುಡುಗರಿಗೆ ಇಷ್ಟು ದೊಡ್ಡ ಜಾಗ ಎದಕ್ರಿ? ಮಳಿಗಾಲ ಬಂದ್ರ ನನಗ ಸಿಮೆಂಟ್ ಚೀಲ ಇಡ್ಲಾಕ ಬೇಕಾಗ್ತದ" ಅಂದ. ಕೂಲಿಕಾರರನ್ನು ಊರಿನಿಂದ ಕರೆತಂದವನೂ ಅವನೇ, ಶೆಡ್ಡು ಕೊಟ್ಟವನೂ ಅವನೇ. ಸುದ್ದಿ ಕೇಳಿದ ನಮ್ಮ ಬಾಲವಾಡಿ ಸಂಸ್ಥೆಯ ಮೇಲ್ವಿಚಾರಕಿ ಪತ್ರ ಬರೆದು, ಮುಂದಿನ ಆದೇಶದವರೆಗೆ ಮಕ್ಕಳನ್ನು ಹೊರಗೆ ಕರೆದೊಯ್ಯುವಂತಿಲ್ಲ ಎಂದು ತಿಳಿಸಿದರು.

ಕೆಲಸಕ್ಕೆ ಗುರುವಾರ ರಜೆ. ಆ ಗುರುವಾರ ನಾನು ಗುಡಿಸಲುಗಳ ಕಡೆಗೆ ಹೋದೆ. ಹೆಂಗಸರು ನಳದ ಹತ್ತಿರ ಬಟ್ಟೆ ಒಗೆಯುತ್ತಿದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ನೀಲಿ ಸ್ವೆಟರಿನ ಹುಡುಗನನ್ನು ಎಣಿಸಿದ್ದು, ಮೊಸಳೆಯ ಹೊಂಡದೊಳಕ್ಕೆ ಬಗ್ಗಿ ನೋಡಿದ್ದು, ಸಂಜೆ ಬೇಕೆಂದೇ ಮುಚ್ಚಿಟ್ಟಿದ್ದು. ಯಾರೂ ಬಟ್ಟೆ ಒಗೆಯುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ನಾಗಿಯ ತಾಯಿ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು.

"ಹ್ಯಾಂಗ ಎಣಸ್ತೀರಿ ನೀವು? ಮಾಡಿ ತೋರಸ್ರಿ."

ಅಲ್ಲಿದ್ದ ಹೆಂಗಸರ ತಲೆಯನ್ನೇ ಮುಟ್ಟುತ್ತ ಒಂದು, ಎರಡು, ಮೂರು ಎಂದು ತೋರಿಸಿದೆ. ಒಂದಿಬ್ಬರು ನಕ್ಕರು. ಅವಳು ನಗಲಿಲ್ಲ.

"ಎಣಕಿಗೆ ಮಾರಿ ಇರ್ತದೇನ್ರಿ? ಯಾರ ತಲಿ ಮುಟ್ಟಿದ್ರೂ ಎಣಕಿ ತುಂಬ್ತದ. ನಾಳಿ ನಮ್ಮ ಸ್ಲ್ಯಾಬ್ ಅದ. ಬಂದು ನೋಡ್ರಿ."

ಸ್ಲ್ಯಾಬ್ ಎಂದರೆ ಮಾಳಿಗೆಗೆ ಕಾಂಕ್ರೀಟು ಹಾಕುವ ದಿನ. ಒಮ್ಮೆ ಶುರುವಾದರೆ ಮುಗಿಯುವ ತನಕ ನಿಲ್ಲಿಸುವಂತಿಲ್ಲ. ಏಳು ಮಕ್ಕಳನ್ನು ಆಯಾಳಿಗೆ ಬಿಟ್ಟು ಹೋಗಿ ನಿಂತೆ. ಕೆಳಗೆ ಕಲಸುವ ಯಂತ್ರ ಗುಡುಗುತ್ತಿತ್ತು. ಅಲ್ಲಿಂದ ಬಿದಿರಿನ ಅಟ್ಟಣಿಗೆಯ ಮೇಲೆ ಮೂರನೇ ಮಾಳಿಗೆಯವರೆಗೆ ಮೂವತ್ತಕ್ಕೂ ಹೆಚ್ಚು ಜನರ ಸಾಲು, ಬಹಳ ಮಂದಿ ಹೆಂಗಸರೇ. ಕಾಂಕ್ರೀಟು ತುಂಬಿದ ಘಮೇಲಿ, ಅಂದರೆ ಕಬ್ಬಿಣದ ಬುಟ್ಟಿ, ಕೈಯಿಂದ ಕೈಗೆ ಏರುತ್ತಿತ್ತು, ಖಾಲಿ ಘಮೇಲಿ ಇನ್ನೊಂದು ಕಡೆಯಿಂದ ಇಳಿಯುತ್ತಿತ್ತು. ಯಾರೂ ಯಾರನ್ನೂ ಎಣಿಸುತ್ತಿರಲಿಲ್ಲ. ನಡುವೆ ಒಬ್ಬಳು ಹಸುಗೂಸಿಗೆ ಹಾಲು ಕೊಡಲು ಸಾಲಿನಿಂದ ಹೊರಗೆ ಕಾಲಿಟ್ಟಳು. ಅವಳ ಮೇಲಿನವಳೂ ಕೆಳಗಿನವಳೂ ಒಂದೇ ಉಸಿರಿಗೆ ಅವಳ ಹೆಸರು ಕೂಗಿದರು. ಇಡೀ ಸಾಲು ಗಕ್ಕನೆ ನಿಂತಿತು. ಇಬ್ಬರೂ ಒಂದೊಂದು ಹೆಜ್ಜೆ ಹತ್ತಿರ ಸರಿದು ಕೈ ಚಾಚಿದರು, ಘಮೇಲಿ ಮತ್ತೆ ಹೊರಟಿತು.

ಮಧ್ಯಾಹ್ನ ನಾಗಿಯ ತಾಯಿ ನೀರು ಕುಡಿಯಲು ಇಳಿದಾಗ ಹೇಳಿದಳು: "ಸಾಲಿನಾಗ ಎಷ್ಟು ಮಂದಿ ಅದೀವಿ ಅಂತ ನನಗ ಗೊತ್ತಿಲ್ರಿ. ನನ್ನ ಮುಂದ ಯಾರು, ಹಿಂದ ಯಾರು, ಅದು ಗೊತ್ತದ. ಅಷ್ಟು ಸಾಕು. ನಿಮ್ಮ ಹುಡುಗ್ರಿಗಿ ಇಪ್ಪತ್ನಾಲ್ಕು ಬರಂಗಿಲ್ಲ. ಎರಡು ಹೆಸರು ಬರ್ತಾವ."

ತರಬೇತಿಯಲ್ಲಿ ನನಗೆ ಬಣ್ಣದ ಬಿಲ್ಲೆ ಕಟ್ಟುವುದನ್ನು, ಹಗ್ಗ ಹಿಡಿಸಿ ನಡೆಸುವುದನ್ನು, ಗುಂಪು ಮಾಡುವುದನ್ನು ಕಲಿಸಿದ್ದರು. ಎರಡು ಹೆಸರಿನ ವಿಷಯ ಯಾರೂ ಹೇಳಿರಲಿಲ್ಲ. ಆದರೂ ನಾನು ಮೊದಲು ಹಗ್ಗವನ್ನೇ ಪ್ರಯತ್ನಿಸಿದೆ. ಅದು ಸುಲಭವೆಂದು ಕಂಡಿತ್ತು. ಏಳು ಮಕ್ಕಳಿಗೆ ಏಳು ಗಂಟು ಹಾಕಿದ ಹಗ್ಗ ಕೊಟ್ಟು ಶೆಡ್ಡಿನ ಸುತ್ತ ನಡೆಸಿದರೆ, ಒಬ್ಬ ಎಡವಿ ಬಿದ್ದ, ಅವನ ಹಿಂದೆ ಮೂವರು ಮುಗ್ಗರಿಸಿದರು. ಹಗ್ಗ ಆ ದಿನವೇ ಬಟ್ಟೆ ಒಣಗಿಸಲು ಹೋಯಿತು.

ಹೆಸರಿನ ಸಾಲು ಕಲಿಸಲು ಮೂರು ವಾರ ಹಿಡಿಯಿತು. "ಮುಂದ ಯಾರು?" ಎಂದು ನಾನು ಕೂಗಿದರೆ ಪ್ರತಿಯೊಬ್ಬರೂ ತಮ್ಮ ಮುಂದಿನವರ ಹೆಸರು ಕೂಗಬೇಕು. "ಹಿಂದ ಯಾರು?" ಎಂದರೆ ತಿರುಗಿ ನೋಡಿ ಹಿಂದಿನವರ ಹೆಸರು. ಎಲ್ಲರೂ ಒಟ್ಟಿಗೆ ಕೂಗುವುದರಿಂದ ನನಗೆ ಏನೂ ಕೇಳಿಸುತ್ತಿರಲಿಲ್ಲ. ಆದರೆ ಕೇಳಿಸಬೇಕಾದದ್ದು ನನಗಲ್ಲ ಎಂದು ನಿಧಾನವಾಗಿ ಅರ್ಥವಾಯಿತು. ಯಾರ ಹಿಂದೆ ಯಾರನ್ನು ನಿಲ್ಲಿಸುವುದು ಎಂಬುದೇ ದೊಡ್ಡ ಕೆಲಸ. ಎತ್ತರದ ಪ್ರಕಾರ ನಿಲ್ಲಿಸಿದರೆ ಜಗಳಗಂಟರು ಅಕ್ಕಪಕ್ಕ ಬರುತ್ತಿದ್ದರು. ಗೆಳೆಯರನ್ನು ಒಟ್ಟಿಗೆ ನಿಲ್ಲಿಸಿದರೆ ಮಾತಾಡುತ್ತ ಇಬ್ಬರೂ ಒಟ್ಟಿಗೇ ಹಿಂದುಳಿಯುತ್ತಿದ್ದರು. ಎಲ್ಲರಿಗಿಂತ ಸಣ್ಣವನು ಮೂರು ವರ್ಷದ ತಿಪ್ಪಣ್ಣ. ಮುಂದೆ ಯಾರು ಅಂದರೂ "ಅವ್ವ", ಹಿಂದೆ ಯಾರು ಅಂದರೂ "ಅವ್ವ". ಎಂಟು ದಿನ ಹೇಳಿಕೊಟ್ಟರೂ ಅವ್ವನೇ. ಕೊನೆಗೆ ಅವನನ್ನು ಸಾಲಿನ ತುದಿಗೆ, ಆಯಾಳ ಮುಂದೆ ನಿಲ್ಲಿಸಿದೆ. ಆಯಾ ಅವನ ಕಿವಿಯಲ್ಲಿ, "ಮೀ ತುಝೀ ಅವ್ವ, ಝಾಲ?" ಅಂದಳು. ನಾನೇ ನಿನ್ನ ಅವ್ವ, ಆಯಿತಾ? ಅವನಿಗೆ ಒಪ್ಪಿಗೆಯಾಯಿತು.

ಇನ್ನೊಂದು ನಿಯಮ ನಾನೇ ಸೇರಿಸಿದೆ. ಹೆಸರು ಕೂಗಿದಾಗ ಪಕ್ಕದವರು ಕಾಣದಿದ್ದರೆ "ಇಲ್ಲ" ಎಂದು ಜೋರಾಗಿ ಕೂಗಬೇಕು. "ಇಲ್ಲ" ಎಂಬ ಮಾತು ಕಿವಿಗೆ ಬಿದ್ದ ತಕ್ಷಣ ಎಲ್ಲರೂ ನಿಂತಲ್ಲೇ ಕುಳಿತುಬಿಡಬೇಕು. ಹುಡುಕಲು ಯಾರೂ ಓಡಬಾರದು.

ಹೊರಗೆ ಹೋಗಬಾರದು ಎಂಬ ಆದೇಶವಿತ್ತಲ್ಲ, ಅದಕ್ಕಾಗಿ ಮೊದಲ ಪ್ರವಾಸಗಳನ್ನು ಕೆಲಸದ ಜಾಗದ ಬೇಲಿಯೊಳಗೇ ಮಾಡಿದೆ. ತಾಯಂದಿರ ಕಣ್ಣಿಗೆ ಕಾಣುವಷ್ಟು ದೂರ ಮಾತ್ರ. ಒಂದು ದಿನ ನೀರಿನ ಟಾಕಿ, ಅಲ್ಲಿ ಕಪ್ಪೆ ಮೊಟ್ಟೆ. ಒಂದು ದಿನ ಬಡಗಿಯ ಕೊಟ್ಟಿಗೆ, ಅಲ್ಲಿ ಕಟ್ಟಿಗೆಯ ಸಿಪ್ಪೆ. ಎಲ್ಲಿ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಬೆಳಿಗ್ಗೆ ಪ್ರತಿ ತಾಯಿಗೂ ಹೇಳುತ್ತಿದ್ದೆ. ಸಂಜೆ ಏನೇನಾಯಿತು ಎಂದು ಹೇಳುತ್ತಿದ್ದೆ. ಬಿದ್ದದ್ದು, ಕಚ್ಚಿದ್ದು, ಚಡ್ಡಿಯಲ್ಲಿ ಮಾಡಿಕೊಂಡದ್ದು, ಎಲ್ಲ. ಮಕ್ಕಳು ಹೆಸರು ಕೂಗುತ್ತ ಸಾಲಾಗಿ ಹೋಗುವುದನ್ನು ಹೆಂಗಸರು ಮೇಲಿನಿಂದ ನೋಡುತ್ತಿದ್ದರು. ಒಮ್ಮೆ ನಾನು "ಹಿಂದ ಯಾರು?" ಅಂದಾಗ ಎರಡನೇ ಮಾಳಿಗೆಯಿಂದ ಯಾರೋ ನಗುತ್ತ ತಮ್ಮ ಹಿಂದಿನವಳ ಹೆಸರು ಕೂಗಿದರು.

ಏಳು ಹನ್ನೊಂದಾಯಿತು, ಹನ್ನೊಂದು ಹತ್ತೊಂಬತ್ತಾಯಿತು. ನಾಗಿಯನ್ನು ಅವಳ ತಾಯಿ ತಂದುಬಿಟ್ಟದ್ದು ಹದಿನೈದನೆಯವಳಾಗಿ. ಮಗಳ ಮೂಗು ಒರೆಸಿ ಸಾಲಿನಲ್ಲಿ ನಿಲ್ಲಿಸಿ ಹೋದಳು.

ಮಾರ್ಚಿನಲ್ಲಿ ಮೇಲ್ವಿಚಾರಕಿಗೆ ಅರ್ಜಿ ಬರೆದೆ. ಮಕ್ಕಳನ್ನು ಹತ್ತಿರದ ಸಣ್ಣ ರೈಲ್ವೆ ಸ್ಟೇಷನ್ನಿಗೆ ಕರೆದೊಯ್ಯಬೇಕು. ಅವರು ಖುದ್ದಾಗಿ ಬಂದರು. ಸಾಲನ್ನು ನಡೆಸಿ ತೋರಿಸಿದೆ. ಹೇಳದೆ ಕೇಳದೆ ಅವರು ನಡುವಿನಿಂದ ಒಂದು ಮಗುವನ್ನು ಎತ್ತಿಕೊಂಡು ಬಾಗಿಲ ಹಿಂದೆ ಸರಿದರು. "ಇಲ್ಲ!" ಎಂಬ ಕೂಗು ಎದ್ದು ಮಕ್ಕಳೆಲ್ಲ ದಬದಬ ಕುಳಿತರು. ಮೇಲ್ವಿಚಾರಕಿ ನಗು ತಡೆದುಕೊಂಡು, ಇಬ್ಬರು ತಾಯಂದಿರು ಜೊತೆಗೆ ಬರಬೇಕು ಎಂಬ ಷರತ್ತಿನ ಮೇಲೆ ಸಹಿ ಹಾಕಿದರು.

ಅದಕ್ಕೂ ಮೊದಲು ನಾನೊಬ್ಬಳೇ ಎರಡು ಸಲ ಸ್ಟೇಷನ್ನಿಗೆ ಹೋಗಿ ಬಂದಿದ್ದೆ. ಪ್ಲಾಟ್‌ಫಾರ್ಮಿನಲ್ಲಿ ನೆರಳು ಎಷ್ಟು ಹೊತ್ತಿನವರೆಗೆ ಎಲ್ಲಿರುತ್ತದೆ, ನಳದಲ್ಲಿ ನೀರು ಬರುತ್ತದೆಯೇ, ಲೋಕಲ್ ಎಷ್ಟು ಹೊತ್ತು ನಿಲ್ಲುತ್ತದೆ, ಎಲ್ಲ ನೋಡಿ ಬರೆದುಕೊಂಡೆ. ಲೋಕಲ್ ಒಂದು ನಿಮಿಷವೂ ನಿಲ್ಲುತ್ತಿರಲಿಲ್ಲ. ಅಷ್ಟರಲ್ಲಿ ಇಷ್ಟು ಮಕ್ಕಳನ್ನು ಹತ್ತಿಸುವ ಆಸೆಯನ್ನು ಬಿಟ್ಟೆ. ನೋಡುವುದಷ್ಟೇ, ಹತ್ತುವುದಿಲ್ಲ. ಗೋಡೆಯಿಂದ ಮೂರು ಹೆಜ್ಜೆ ಆಚೆ ಬರಬಾರದು. ಸ್ಟೇಷನ್ ಮಾಸ್ತರರು ನನ್ನ ಮಾತನ್ನೆಲ್ಲ ಕೇಳಿ, ಮುಂಬೈ ಕಡೆಯಿಂದ ಬರುವ ಮದ್ರಾಸ್ ಗಾಡಿ ಎಷ್ಟು ಗಂಟೆಗೆ ಹಾದುಹೋಗುತ್ತದೆ ಎಂಬುದನ್ನು ಮರಾಠಿಯಲ್ಲಿ ಒಂದು ಚೀಟಿಯ ಮೇಲೆ ಬರೆದುಕೊಟ್ಟರು. ಆ ಗಾಡಿ ಇಲ್ಲಿ ನಿಲ್ಲುವುದಿಲ್ಲ. ಆದರೆ ಅದು ಯಾದಗಿರಿಗೆ ಹೋಗುವ ಗಾಡಿ, ಈ ಮಕ್ಕಳು ಗಂಟುಮೂಟೆಗಳ ನಡುವೆ ಮಲಗಿ ಬಂದ ಗಾಡಿ.

ಹೊರಟ ದಿನ ಇಪ್ಪತ್ಮೂರು ಮಕ್ಕಳು. ಸ್ಟೇಷನ್ನಿಗೆ ನಡೆಸಲು ದೂರವಾಗಿತ್ತು. ಮುಕಾದಮ ತಾನಾಗಿಯೇ ಇಟ್ಟಿಗೆ ತರುವ ಟ್ರ್ಯಾಕ್ಟರನ್ನು ತೊಳೆಸಿ, ಒಳಗೆ ಹುಲ್ಲು ಹರಡಿಸಿ ಕಳಿಸಿದ. "ನಿಧಾನ ಹೊಡಿ, ಇಟ್ಟಂಗಿ ಅಲ್ಲ ಅವು" ಎಂದು ಡ್ರೈವರನಿಗೆ ಎರಡು ಸಲ ಹೇಳಿದ. ತಾಯಂದಿರ ಪೈಕಿ ಬಂದವರು ನಾಗಿಯ ತಾಯಿ ಮತ್ತು ಸಾಲಿನಲ್ಲಿ ನಾಗಿಯ ಹಿಂದೆ ನಿಲ್ಲುತ್ತಿದ್ದ ಮರೆಪ್ಪನ ತಾಯಿ. ಇಬ್ಬರೂ ತಲೆಗೆ ಎಣ್ಣೆ ಹಚ್ಚಿ, ಪೆಟ್ಟಿಗೆಯಲ್ಲಿದ್ದ ಸೀರೆ ಉಟ್ಟಿದ್ದರು.

ಪ್ಲಾಟ್‌ಫಾರ್ಮಿನಲ್ಲಿ ಗೋಡೆಗೆ ಬೆನ್ನು ಹಚ್ಚಿ ಸಾಲು ನಿಂತಿತು. ಸಿಗ್ನಲ್ ಕೈ ಇಳಿಯುವುದನ್ನು ನೋಡಿದೆವು. ಕಿವಿಗೊಟ್ಟು ಹಳಿಗಳ ಸದ್ದು ಕೇಳಿದೆವು. ಮದ್ರಾಸ್ ಗಾಡಿ ಬಂತು. ಗಾಳಿ, ಧೂಳು, ಕಿವಿ ಒಡೆಯುವ ಸದ್ದು. ಕೆಲವರು ಕಣ್ಣು ಮುಚ್ಚಿಕೊಂಡರು. "ನಮ್ಮೂರ ಗಾಡಿ! ನಮ್ಮೂರ ಗಾಡಿ!" ಎಂದು ನಾಗಿ ಕೂಗಿದಳು. ಕಿಟಕಿಯಲ್ಲಿದ್ದ ಒಬ್ಬ ಮುದುಕ ಕೈ ಬೀಸಿದ. ಕೊನೆಯ ಡಬ್ಬಿ ಸಣ್ಣದಾಗುವ ತನಕ ಎಲ್ಲರೂ ಕೈ ಬೀಸಿದರು, ತಾಯಂದಿರೂ ಬೀಸಿದರು.

ಸ್ವಲ್ಪ ಹೊತ್ತಿಗೆ ಲೋಕಲ್ ಬಂದು ನಿಂತಿತು. ನಾನು ಎರಡು ಸಲ ನೋಡಿದ್ದಾಗ ಹತ್ತು ಹನ್ನೆರಡು ಜನ ಇಳಿದಿದ್ದರು. ಆ ದಿನ ಯಾವುದೋ ಮದುವೆಯ ದಿಬ್ಬಣ. ಟ್ರಂಕು, ಹಾಸಿಗೆ, ಬಾಜಾ ಬಜಂತ್ರಿ ಸಮೇತ ಐವತ್ತು ಅರವತ್ತು ಜನ ಒಮ್ಮೆಲೇ ಇಳಿದರು. ಮಕ್ಕಳು ದೊಡ್ಡವರ ಕಾಲುಗಳ ನಡುವೆ ಮುಚ್ಚಿಹೋದರು. ನನಗೆ ಕಾಣುತ್ತಿದ್ದುದು ಮುಂದಿನ ಮೂವರು ಮಾತ್ರ. "ಹಿಂದ ಯಾರು?" ಎಂದು ಕೂಗಿದೆ. ಬಾಜಾದ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಆದರೆ ಮೊದಲಿನವಳಿಗೆ ಕೇಳಿಸಿತು, ಅವಳು ಕೂಗಿದ್ದು ಎರಡನೆಯವನಿಗೆ ಕೇಳಿಸಿತು. ಕೂಗು ನನ್ನಿಂದ ದೂರ ಹೋಗುವುದನ್ನು ನಾನು ಕೇಳುತ್ತ ನಿಂತೆ. ಆಮೇಲೆ ನಡುವಿನಿಂದ ಒಂದು ಚೂಪಾದ ದನಿ ಬಂತು.

"ನನ್ನ ಹಿಂದ ಮರೆಪ್ಪ ಇಲ್ಲ!"

ನಾಗಿಯ ದನಿ. ಮಕ್ಕಳು ಕುಳಿತರು. ದಿಬ್ಬಣದವರು ಏನಾಯಿತೋ ಎಂದು ಸರಿದು ನಿಂತರು. ಬಾಜಾದವರು ಬಾರಿಸುವುದನ್ನು ನಿಲ್ಲಿಸಿದರು. ಗೋಡೆಯ ಬುಡದಲ್ಲಿ ಇಪ್ಪತ್ತೆರಡು ತಲೆಗಳು ಒಂದೇ ಎತ್ತರಕ್ಕೆ ಸಾಲಾಗಿ ಕಂಡವು. ನನ್ನ ಕಾಲುಗಳು ಓಡಲು ತಯಾರಾಗಿದ್ದವು. ಓಡಬಾರದೆಂದು ನಾನೇ ಮಾಡಿದ ನಿಯಮ. ನಿಂತೆ. ನಾಗಿಯ ತಾಯಿ ಕೈ ಚಾಚಿ ಮರೆಪ್ಪನ ತಾಯಿಯ ರಟ್ಟೆ ಹಿಡಿದಿದ್ದಳು, ಅವಳೂ ಓಡದಂತೆ.

ಮರೆಪ್ಪ ನಳದ ಹತ್ತಿರವಿದ್ದ, ನಾಲ್ಕೈದು ಮಾರು ದೂರದಲ್ಲಿ. ನೀರಿಗೆ ಬಾಯಿ ಕೊಟ್ಟು ನಿಂತವನು ಗದ್ದಲ ನಿಂತದ್ದಕ್ಕೆ ತಿರುಗಿ ನೋಡಿದ. ಎಲ್ಲರೂ ಕುಳಿತಿದ್ದರು, ತಾನೊಬ್ಬನೇ ನಿಂತಿದ್ದ. ಗಲ್ಲದಿಂದ ನೀರು ಸುರಿಯುತ್ತಿರುವಂತೆಯೇ, "ನನ್ನ ಮುಂದ ನಾಗಿ!" ಎಂದು ಚೀರಿ, ಓಡಿ ಬಂದು ತನ್ನ ಜಾಗದಲ್ಲಿ ಧೊಪ್ಪನೆ ಕುಳಿತ. ನಾಗಿ ತಿರುಗಿ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟಳು.

ಎಲ್ಲ ಸೇರಿ ಅರ್ಧ ನಿಮಿಷವೂ ಆಗಿರಲಿಲ್ಲ. ದಿಬ್ಬಣದ ಹಿರಿಯರೊಬ್ಬರು ಪ್ರತಿ ಮಗುವಿನ ಕೈಗೂ ಒಂದೊಂದು ಬೂಂದಿ ಲಾಡು ಕೊಟ್ಟರು. ನಾನು ಬೆಂಚಿನ ಮೇಲೆ ಕುಳಿತುಬಿಟ್ಟೆ. ನಾಗಿಯ ತಾಯಿ ಬಂದು ಪಕ್ಕದಲ್ಲಿ ಕುಳಿತು, ತನ್ನ ಪಾಲಿನ ಲಾಡುವನ್ನು ಮುರಿದು ಅರ್ಧ ನನಗೆ ಕೊಟ್ಟಳು.

ಸಂಜೆ ಟ್ರ್ಯಾಕ್ಟರು ಕೆಲಸದ ಜಾಗಕ್ಕೆ ಬಂದಾಗ ಕೂಲಿ ಬಿಟ್ಟಿತ್ತು, ಹೆಂಗಸರು ಕಾಯುತ್ತಿದ್ದರು. ಯಾರೂ ಕೇಳುವ ಮೊದಲೇ ನಾನು, "ಇವತ್ತು ಮರೆಪ್ಪ ಅರ್ಧ ನಿಮಿಷ ಕಾಣಲಿಲ್ಲರಿ" ಎಂದು ಶುರು ಮಾಡಿದೆ. ಪೂರ್ತಿ ಹೇಳಲು ಮಕ್ಕಳು ಬಿಡಲಿಲ್ಲ. ತಮ್ಮ ತಮ್ಮ ತಾಯಂದಿರಿಗೆ ತಾವೇ ಹೇಳತೊಡಗಿದರು, ಅರ್ಧ ರೈಲು, ಅರ್ಧ ಲಾಡು. ಮರೆಪ್ಪನ ತಾಯಿ, "ಅಂವ ಹುಟ್ಟಿದಾಗಿಂದ ಹಂಗೇ ಅದಾನ್ರಿ, ನೀರು ಕಂಡ್ರ ಮುಗೀತು" ಎಂದಳು. ಎಲ್ಲರೂ ನಕ್ಕರು. ಸಿಮೆಂಟ್ ಚೀಲದ ಮಾತನ್ನು ಮುಕಾದಮ ಮತ್ತೆ ಎತ್ತಲಿಲ್ಲ.

ಎಲ್ಲರೂ ಹೋದ ಮೇಲೂ ನಾಗಿಯ ತಾಯಿ ಶೆಡ್ಡಿನ ಬಾಗಿಲಲ್ಲೇ ನಿಂತಿದ್ದಳು.

"ಅಕ್ಕೋರ, ನಮ್ಮನ್ನ ಯಾವಾಗ ಒಯ್ತೀರಿ?"

"ಯಾರನ್ನ?"

"ನಮ್ಮನ್ನರಿ. ಹೆಣ್ಣಮಕ್ಕಳನ್ನ. ಗಾಡಿ ನೋಡ್ಲಾಕ ಅಲ್ಲ, ಕೂಡ್ಲಾಕ. ಎರಡು ಸ್ಟೇಷನ್ ಹೋಗಿ ತಿರುಗಿ ಬರೂಣು. ಎಷ್ಟು ಸರ್ತಿ ಕೂತೀವಿ, ಗಂಟಿನ ಮ್ಯಾಲ ಕೂತೀವಿ, ಸಂಡಾಸದ ಬಾಗಲಾಗ ಕೂತೀವಿ. ಗಂಟಿಲ್ಲದ, ಕೂಸಿಲ್ಲದ, ಸುಮ್ಮ ಕಿಡಕಿ ಬಾಜೂಕ ಒಮ್ಮೆ ಕೂಡ್ಬೇಕು ಅನಸ್ತದ."

ಇದಕ್ಕೆ ಯಾವ ಮೇಲ್ವಿಚಾರಕಿಯ ಸಹಿಯೂ ಬೇಕಾಗಿರಲಿಲ್ಲ. ಮುಂದಿನ ಗುರುವಾರ ಮಕ್ಕಳನ್ನು ಗಂಡಸರ ಹತ್ತಿರ ಬಿಟ್ಟು ಹನ್ನೊಂದು ಹೆಂಗಸರು ಹೊರಟರು. ಆಯಾ ಕೂಡ ಬಂದಳು. ಮಧ್ಯಾಹ್ನದ ಲೋಕಲ್ ಖಾಲಿಯಾಗಿತ್ತು, ಎಲ್ಲರಿಗೂ ಕಿಟಕಿ ಸಿಕ್ಕಿತು. ಮೊದಲು ಭಾರಿ ಗಲಾಟೆ, ನಗು, ಜಾಗ ಬದಲಾಯಿಸುವುದು. ಗಾಡಿ ಹೊರಟ ಮೇಲೆ ಒಬ್ಬೊಬ್ಬರಾಗಿ ಕಿಟಕಿಯ ಕಡೆ ತಿರುಗಿದರು. ನಾಗಿಯ ತಾಯಿ ಗಾಳಿಗೆ ಮುಖ ಕೊಟ್ಟು, ಮಡಿಲಲ್ಲಿ ಎರಡೂ ಕೈ ಖಾಲಿ ಇಟ್ಟುಕೊಂಡು ಕುಳಿತಿದ್ದಳು. ಹೊಲಗಳು ಹೋದವು, ಯಾವುದೋ ಹೊಳೆ ಹೋಯಿತು. ಎರಡನೇ ಸ್ಟೇಷನ್ ಬಂದಾಗ ನಾನು ಎದ್ದು, "ಇಳೀರಿ" ಅಂದೆ. ಯಾರೂ ಏಳಲಿಲ್ಲ.

ನಾಗಿಯ ತಾಯಿ ಹೊರಗೆ ನೋಡುತ್ತಲೇ, "ಇನ್ನೊಂದು ಸ್ಟೇಷನ್ ಹೋಗೂಣ್ರಿ, ಅಕ್ಕೋರ" ಅಂದಳು.

ಮತ್ತೆ ಕುಳಿತೆ. ಗಾಡಿ ಹೊರಟಿತು.